ನಮ್ಮ ಮನೆಯ ಕುದುರೆ ಮತ್ತು ಸೈಕಲ್ಲು

ನಮ್ಮ ಕಡೆ ಇಬ್ಬರು ಒಂದು ಬೆಂಚಿನ ಮೇಲೆ ಕಾಲು ಗಂಟೆ ಕೂತರೆ ಮೊದಲು ಕಾಫಿ ರೇಟು, ಆಮೇಲೆ ಮಳೆ, ಆಮೇಲೆ ಆನೆ. ಈ ಮೂರೂ ಮುಗಿದ ಮೇಲೆ ಆ ಇಬ್ಬರು ಹಿರಿಯ ನಟರಲ್ಲಿ ಯಾರು ದೊಡ್ಡವರು ಎಂಬ ಮಾತು ಬಂದೇ ಬರುತ್ತದೆ. ಬಂದಾಗಲೆಲ್ಲ ಏನಾದರೊಂದು ಎಡವಟ್ಟು ಆಗಿಯೇ ಆಗುತ್ತದೆ.

ನಟರ ಹೆಸರು ಬರೆಯುವುದಿಲ್ಲ. ಬರೆದರೆ ಯಾರ ಹೆಸರನ್ನು ಮೊದಲು ಬರೆದೆ ಎಂದು ಕೇಳಲು ಇನ್ನೊಬ್ಬರ ಕಡೆಯವರು ಮನೆಗೆ ಬರುತ್ತಾರೆ. ಒಬ್ಬರು ಕತ್ತಿ ಹಿಡಿದು ಕುದುರೆ ಮೇಲೆ ಬಂದು ಹೆಸರಾದವರು. ಇನ್ನೊಬ್ಬರು ಸೈಕಲ್ ತುಳಿಯುತ್ತ ಹಾಡಿ ಹೆಸರಾದವರು. ಆಲೂರಿನಿಂದ ದೋಣಿಗಲ್‌ವರೆಗೆ ‘ಕುದುರೆ’, ‘ಸೈಕಲ್ಲು’ ಎಂದರೆ ಸಾಕು, ಎಲ್ಲರಿಗೂ ಗೊತ್ತಾಗುತ್ತದೆ.

ನಮ್ಮ ಮನೆಯಲ್ಲಿ ಈ ಜಗಳ ಇಪ್ಪತ್ತಾರು ವರ್ಷ ನಡೆಯಿತು. ನಾನು ಕುದುರೆ, ನನ್ನ ಹೆಂಡತಿ ಸೈಕಲ್ಲು. ಅವಳು ತೀರಿಕೊಂಡು ಹತ್ತು ತಿಂಗಳಾಯಿತು. ಈಗ ಮನೆಯಲ್ಲಿ ನಾನು ಮತ್ತು ಅವಳ ತಾಯಿ, ಅಂದರೆ ನನ್ನ ಅತ್ತೆ, ಇಬ್ಬರೇ. ಇಬ್ಬರಲ್ಲಿ ಯಾರೂ ಮಾತನಾಡುವವರಲ್ಲ. ನಿಂತುಹೋದ ಆ ಜಗಳವನ್ನು ಮತ್ತೆ ಶುರು ಮಾಡಲು ನಾನು ಪಟ್ಟ ಪಾಡು ಕೊನೆಯಲ್ಲಿದೆ. ಅದಕ್ಕೆ ಮುಂಚಿನದನ್ನು ಮುಂಚೆ ಹೇಳುತ್ತೇನೆ.

ಹೆಣ್ಣು ನೋಡಲು ಹೋದಾಗ

ಬೆಳಗೋಡಿನ ಹತ್ತಿರ ಅವರ ಊರು. ಕಾಫಿ ಒಣಗಿಸುವ ಕಣದಲ್ಲಿ ನಮ್ಮಿಬ್ಬರಿಗೂ ಐದು ನಿಮಿಷ ಮಾತನಾಡಲು ಬಿಟ್ಟರು. ನಾಲ್ಕು ನಿಮಿಷ ನಾನು ಒಣಹಾಕಿದ್ದ ಕಾಫಿಯನ್ನೇ ನೋಡಿದೆ. ಐದನೆಯ ನಿಮಿಷದಲ್ಲಿ ಅವಳೇ ಕೇಳಿದಳು.

“ನೀವು ಕುದುರೆನೋ, ಸೈಕಲ್ಲೋ?”

ಅಲ್ಲಿಯವರೆಗೆ ನಾನು ನೋಡಿದ್ದ ಸಿನಿಮಾಗಳು ಒಟ್ಟು ನಾಲ್ಕು. ಅದರಲ್ಲಿ ಒಂದಕ್ಕೆ ನಿದ್ದೆ ಮಾಡಿದ್ದೆ. ಆದರೆ ಬೆಳಿಗ್ಗೆ ಆಲೂರು ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೆ ಒಂದು ಪೋಸ್ಟರ್ ಕಂಡಿತ್ತು, ಅದರಲ್ಲಿ ಕುದುರೆ ಇತ್ತು.

“ಕುದುರೆ,” ಎಂದೆ.

“ನಾನು ಸೈಕಲ್ಲು,” ಎಂದು ಹೇಳಿ ಒಳಗೆ ಹೋದಳು.

ಸಂಬಂಧ ಮುರಿಯಿತು ಎಂದುಕೊಂಡು ಬಸ್ಸು ಹತ್ತಿದೆ. ಮಾರನೆಯ ದಿನ ಬ್ರೋಕರ್ ಬಂದು, “ಹುಡುಗಿ ಒಪ್ಪವಳೆ ಮೇಷ್ಟ್ರೇ,” ಎಂದ. ಎಷ್ಟೋ ವರ್ಷದ ಮೇಲೆ ಯಾಕೆ ಒಪ್ಪಿದೆ ಎಂದು ಕೇಳಿದಾಗ ಅವಳು ಹೇಳಿದ್ದು ಇದು: “ಕಾಫಿ ಚೆನ್ನಾಗೈತಾ ಅಂದ್ರೆ ಹೂಂ ಅಂದ್ರಿ. ಉಪ್ಪಿಟ್ಟಿಗೆ ಉಪ್ಪು ಸಾಕಾ ಅಂದ್ರೆ ಹೂಂ ಅಂದ್ರಿ, ಅದಕ್ಕೆ ನಾವು ಉಪ್ಪೇ ಹಾಕಿರಲಿಲ್ಲ. ಇಡೀ ದಿನದಲ್ಲಿ ನನಗೆ ಎದುರಾಗಿ ಹೇಳಿದ್ದು ಆ ಕುದುರೆ ಅನ್ನೋದೊಂದೇ ಮಾತು. ಅದೂ ಇಲ್ಲದಿದ್ರೆ ಗೋಡೆ ಜೊತೆ ಸಂಸಾರ ಮಾಡ್ಬೇಕಾಗಿತ್ತು.”

ಹೇಳಿದ ಮೇಲೆ ಉಳಿಸಿಕೊಳ್ಳಬೇಕಲ್ಲ. ಮದುವೆಗೆ ಇಪ್ಪತ್ತು ದಿನವಿತ್ತು. ಕ್ಯಾಸೆಟ್ ಬಾಡಿಗೆಗೆ ತಂದು, ಗೆಳೆಯನ ಮನೆಯಲ್ಲಿ ಕೂತು, ಕುದುರೆಯ ಹನ್ನೊಂದು ಚಿತ್ರ ನೋಡಿದೆ. ನೋಟ್ಸ್ ಮಾಡಿಕೊಂಡೆ. ಬಿ.ಎಡ್. ಪರೀಕ್ಷೆಗೂ ಅಷ್ಟು ಓದಿರಲಿಲ್ಲ.

ಅರ್ಧ ಕುದುರೆ

ನಾನು ಗಣಿತದ ಮೇಷ್ಟ್ರು. ನಮ್ಮ ಶಾಲೆಯಲ್ಲಿ ಹೆಡ್‌ಮಾಸ್ಟರು ಸೈಕಲ್ಲು, ಪಿ.ಟಿ. ಮೇಷ್ಟ್ರು ಕುದುರೆ. ಒಂದು ವರ್ಷ ಸ್ಕೂಲ್ ಡೇಗೆ ಯಾರ ಹಾಡಿಗೆ ಮಕ್ಕಳ ನೃತ್ಯ ಎಂದು ಇಬ್ಬರೂ ಎಂಟು ದಿನ ಮಾತು ಬಿಟ್ಟರು. ಕೊನೆಗೆ ಇಬ್ಬರ ಹಾಡೂ ಇರಲಿ ಎಂದಾಯಿತು. ನಾನು ಸ್ಟೇಜಿನ ಅಳತೆ ತೆಗೆದು, ಕುದುರೆ ಮತ್ತು ಸೈಕಲ್ಲು ಒಟ್ಟಿಗೆ ತಿರುಗಿದರೆ ಜಾಗ ಒಂದೂವರೆ ಅಡಿ ಕಡಿಮೆ ಬೀಳುತ್ತದೆ ಎಂದು ಕಾಗದದಲ್ಲಿ ತೋರಿಸಿದೆ. “ಒಂದೂವರೆ ಅಡಿ ಏನ್ ಸಾರ್, ಅಡ್ಜಸ್ಟ್ ಮಾಡ್ಕೋತಾರೆ,” ಎಂದರು ಇಬ್ಬರೂ. ಎಂಟು ದಿನದಲ್ಲಿ ಅವರು ಒಪ್ಪಿದ ಮೊದಲ ಮಾತು ಅದು.

ಕುದುರೆ ಎಂದರೆ ಗೋಣಿಚೀಲ ಮತ್ತು ರಟ್ಟು. ಒಳಗೆ ಎಂಟನೆಯ ತರಗತಿಯ ಇಬ್ಬರು, ಒಬ್ಬ ಮುಂದಿನ ಕಾಲು, ಒಬ್ಬ ಹಿಂದಿನ ಕಾಲು. ಸೈಕಲ್ಲು ಮಾತ್ರ ನಿಜವಾದದ್ದು. ಎರಡನೆಯ ಸುತ್ತಿನಲ್ಲಿ ಸೈಕಲ್ಲಿನ ಮುಂದಿನ ಚಕ್ರ ಕುದುರೆಯ ಹಿಂಭಾಗಕ್ಕೆ ತಾಗಿತು. ಹಿಂದಿನ ಕಾಲಿನವನು “ಅಯ್ಯಪ್ಪಾ” ಎಂದು ಗೋಣಿಯಿಂದ ಹೊರಗೆ ಬಂದು, ಸ್ಟೇಜಿನಿಂದ ಇಳಿದು, ತಾಯಿಯ ಪಕ್ಕ ಹೋಗಿ ಕೂತುಬಿಟ್ಟ. ಮುಂದಿನವನಿಗೆ ಇದು ಗೊತ್ತಿಲ್ಲ. ಅವನು ಕತ್ತು ಕುಣಿಸುತ್ತ, ಖಾಲಿ ಗೋಣಿ ಎಳೆದುಕೊಂಡು, ಹಾಡು ಮುಗಿಯುವವರೆಗೂ ಕುಣಿದ.

ಚಪ್ಪಾಳೆಯ ಮಧ್ಯೆ ನನ್ನ ಹೆಂಡತಿ ನನ್ನ ಕಡೆ ಬಗ್ಗಿ ಹೇಳಿದಳು: “ನಿಮ್ಮೋನ ಕೆರಿಯರ್ರೂ ಹಿಂಗೇ ಅಲ್ವೇನ್ರೀ? ಹಿಂದಿನರ್ಧ ಬಿದ್ದೋಗಿ ಎಷ್ಟೋ ವರ್ಷ ಆಯ್ತು, ಅವನಿಗೆ ಯಾರೂ ಹೇಳಿಲ್ಲ.”

ಆನೆ ದಾಟುವವರೆಗೆ

ಒಂದು ಬೆಳಿಗ್ಗೆ ನಾನು, ಹೆಂಡತಿ, ಅತ್ತೆ ಬೆಳಗೋಡಿನಿಂದ ಬಸ್ಸಿನಲ್ಲಿ ಬರುತ್ತಿದ್ದೆವು. ತಿರುವಿನಲ್ಲಿ ಫಾರೆಸ್ಟ್ ವಾಚರ್ ಕೈ ಅಡ್ಡ ಹಿಡಿದ. “ಏಳು ಆನೆ ದಾಟಬೇಕು. ಎಂಜಿನ್ ಆಫ್ ಮಾಡಿ. ಯಾರೂ ಉಸಿರೆತ್ತಬೇಡಿ.”

ಐದು ನಿಮಿಷ ಯಾರೂ ಉಸಿರೆತ್ತಲಿಲ್ಲ. ಆಗ ಯಾರದೋ ಮೊಬೈಲು ಹೊಡೆದುಕೊಂಡಿತು. ರಿಂಗ್‌ಟೋನು ಸೈಕಲ್ಲಿನ ಹಾಡು. ಹಿಂದಿನ ಸೀಟಿನಿಂದ ಒಬ್ಬ ಪಿಸುಮಾತಿನಲ್ಲಿ, “ಆಫ್ ಮಾಡೋ ಮಾರಾಯ, ಆ ದನಿಗೆ ಆನೆ ಇರ್ಲಿ, ಹಸುನೂ ಹೆದರ್ತದೆ,” ಎಂದ. ಕಂಡಕ್ಟರು ಸೈಕಲ್ಲು, ಅವನಿಗೆ ತಡೆಯಲಾಗಲಿಲ್ಲ. ಡ್ರೈವರು ಕುದುರೆ, ಅವನು ಸೀಟಿನಿಂದಲೇ ಹಿಂದಕ್ಕೆ ತಿರುಗಿದ.

ನನ್ನ ಹೆಂಡತಿ ಎದ್ದು ನಿಂತಳು. “ಅರವತ್ತೈದು ದಾಟಿದ ಮೇಲೂ ಕಾಲೇಜಿಗೆ ಹೋಗೋ ಪಾತ್ರ ಮಾಡ್ತಾನಲ್ಲ ನಿಮ್ಮೋನು, ಯಾವ ಕಾಲೇಜ್ರೀ ಅದು, ಅಷ್ಟು ವರ್ಷ ಪಾಸ್ ಮಾಡ್ದೆ ಇಟ್ಕೊಂಡಿರೋದು? ನಮ್ಮೋನ್ನ ನೋಡಿ. ತಮ್ಮನಾದ, ಅಣ್ಣನಾದ, ಅಪ್ಪನಾದ, ತಾತನಾದ. ವಯಸ್ಸಿಗೆ ಮರ್ಯಾದೆ ಕೊಟ್ಟ.”

ಇಡೀ ಬಸ್ಸು ನನ್ನನ್ನು ನೋಡಿತು. “ನಿನ್ನವನು ಕೆಮ್ಮುವುದಕ್ಕೂ ಸಂಭಾವನೆ ತೆಗೆದುಕೊಂಡ,” ಎಂದೆ. ದುರ್ಬಲ ವಾದ ಎಂದು ನನಗೇ ಗೊತ್ತಿತ್ತು. ಕಿಟಕಿಯ ಪಕ್ಕ ಕೂತಿದ್ದ ಅತ್ತೆ ಒಮ್ಮೆ ಲೊಚಗುಟ್ಟಿದರು. ಆನೆಗಳ ಚಿಂತೆ ಇರಬೇಕು ಎಂದುಕೊಂಡೆ.

ಬಾಗಿಲು ಬಡಿದ ಶಬ್ದವಾಯಿತು. ವಾಚರ್. “ಆನೆ ಹೋಗಿ ಅರ್ಧ ಗಂಟೆ ಆಯ್ತು. ಕೂಗ್ತಾ ಇದೀನಿ, ಯಾರಿಗೂ ಕೇಳ್ತಿಲ್ಲ. ದಾಟಿ ಈ ತೋಟದಾಗೆ ನಿಂತಿದ್ವು, ನಿಮ್ಮ ಗಲಾಟೆಗೆ ಗುಡ್ಡ ಹತ್ತಿ ಹೋಗ್ಬುಟ್ಟವು.” ಆಮೇಲೆ ಮರ್ಯಾದೆಯಿಂದಲೇ ನನ್ನ ಹೆಂಡತಿಯನ್ನು ಕೇಳಿದ: “ಅಮ್ಮ, ನಾಳೆನೂ ಇದೇ ಬಸ್ಸಿಗೆ ಬರ್ತೀರಾ? ನಮಗೆ ಪಟಾಕಿ ಉಳೀತದೆ.”

ಎಲ್ಲರೂ ಒಪ್ಪಿಕೊಂಡರು

ಅವಳು ಹೋದ ಮೇಲೆ ಜನ ಬಂದು ಕೂತು ಹೋಗುತ್ತಿದ್ದರು. ಆಗ ಒಂದು ವಿಚಿತ್ರ ಗಮನಿಸಿದೆ. ಯಾರೂ ನನ್ನ ಮಾತಿಗೆ ಎದುರಾಡುತ್ತಿರಲಿಲ್ಲ. ನಮ್ಮ ಬೀದಿಯಲ್ಲಿ ಒಬ್ಬ ಎಸ್ಟೇಟ್ ರೈಟರ್ ಇದ್ದಾನೆ. ಕಟ್ಟಾ ಸೈಕಲ್ಲು. ಕೂಲಿಯವರ ಹಾಜರಿ ಬರೆಯುವಾಗಲೂ ಸೈಕಲ್ಲಿನ ಹಾಡು ಗುನುಗುವವನು. ಅವನು ಕುರ್ಚಿಯ ತುದಿಯಲ್ಲಿ ಕೂತು, ನೆಲ ನೋಡುತ್ತ, “ಯೋಚನೆ ಮಾಡಿದ್ರೆ ಕುದುರೆನೇ ದೊಡ್ಡೋನು ಸಾರ್,” ಎಂದ.

ನನಗೆ ಅನುಮಾನ ಬಂತು. ಪರೀಕ್ಷೆ ಮಾಡೋಣ ಎಂದು, “ಕುದುರೆಯ ಕಂಠವೂ ಚೆನ್ನಾಗಿದೆ ಅಲ್ಲವೆ?” ಎಂದೆ.

“ಚೆನ್ನಾಗೈತೆ ಸಾರ್.”

“ಡ್ಯಾನ್ಸು?”

ಅವನಿಗೆ ಕಷ್ಟವಾಯಿತು. ಕುದುರೆಗೆ ಕುಣಿಯಲು ಬರುವುದಿಲ್ಲ ಎಂಬುದು ಕುದುರೆಯ ಕಡೆಯವರೇ ಒಪ್ಪುವ ಮಾತು. ಎರಡು ಸಲ ಗಂಟಲು ಸರಿಮಾಡಿಕೊಂಡ. “ಡ್ಯಾನ್ಸೂ... ಪರವಾಗಿಲ್ಲ ಸಾರ್.”

ನನ್ನ ಸ್ಥಿತಿ ನೋಡುವವರಿಗೆ ಎಷ್ಟು ಕೆಟ್ಟದಾಗಿ ಕಾಣುತ್ತಿದೆ ಎಂದು ನನಗೆ ಗೊತ್ತಾದದ್ದು ಅವತ್ತೇ.

ಅತ್ತೆಯ ಪಕ್ಷ

ಮಾವ ತೀರಿಕೊಂಡ ಮೇಲೆ ಅತ್ತೆ ನಮ್ಮಲ್ಲಿಗೆ ಬಂದು ಎಂಟು ವರ್ಷ. ನಮ್ಮ ಜಗಳ ನಡೆಯುವಾಗ ಅವರು ಅಕ್ಕಿ ಆರಿಸುತ್ತ ಸುಮ್ಮನೆ ಕೂತಿರುತ್ತಿದ್ದರು. ಮಗಳು ಹೋದ ಮೇಲೆ ದಿನಕ್ಕೆ ಮೂರು ಮಾತಿಗೆ ಇಳಿದರು. ಊಟಕ್ಕೇಳಿ. ಗ್ಯಾಸ್ ಆಫ್ ಮಾಡಿದೀನಿ. ಬಾಗಿಲು ಹಾಕ್ಕೊಳ್ಳಿ. ಒಂದು ದಿನ ನಾಲ್ಕನೆಯ ಮಾತು ಬಂತು: “ಮಗ ಹಾಸನಕ್ಕೆ ಕರೀತಾವ್ನೆ. ಬರೋ ಭಾನುವಾರ ಕಾರು ತರ್ತಾನಂತೆ. ಮಗಳೇ ಇಲ್ಲದ ಮನೆಯಾಗೆ ನಿಮಗ್ಯಾಕೆ ಭಾರ.”

ಭಾರವಲ್ಲ ಅತ್ತೆ, ಇರಿ, ಎಂದು ಹೇಳಬೇಕಿತ್ತು. ನನಗೆ ಅಂಥ ಮಾತು ಬಾಯಿಗೆ ಬರುವುದಿಲ್ಲ. ಅವರ ಬ್ಯಾಗು ಮಂಚದ ಪಕ್ಕ ಬಂದು ನಿಂತಿತು.

ಮಗಳಂತೆ ತಾಯಿಯೂ ಸೈಕಲ್ಲೇ ಇರಬೇಕು, ಕೆಣಕಿದರೆ ಮಾತು ಹೊರಡಬಹುದು ಎಂದು ಲೆಕ್ಕ ಹಾಕಿದೆ. ಸೋಮವಾರ ಊಟಕ್ಕೆ ಕೂತಾಗ, “ಸೈಕಲ್ಲಿನವನಿಗೆ ಸೈಕಲ್ ತುಳಿಯಲು ಬರುತ್ತಿರಲಿಲ್ಲವಂತೆ ಅತ್ತೆ. ಹಿಂದಿನಿಂದ ಇಬ್ಬರು ಹಿಡಿದುಕೊಂಡು ಓಡುತ್ತಿದ್ದರಂತೆ,” ಎಂದೆ. ಅಪ್ಪಟ ಸುಳ್ಳು. ದಶಮಾಂಶದ ಚುಕ್ಕಿ ತಪ್ಪಿದ್ದಕ್ಕೂ ಮಕ್ಕಳ ಅಂಕ ಕಳೆಯುವವನು ನಾನು.

“ಇರ್ಬೋದು,” ಎಂದರು ಅತ್ತೆ.

ಬುಧವಾರ, ಸೈಕಲ್ಲಿನವನು ಅಳುವ ದೃಶ್ಯಕ್ಕೆ ಈರುಳ್ಳಿ ಇಟ್ಟುಕೊಳ್ಳುತ್ತಿದ್ದ ಎಂದೆ. “ಎಲ್ರೂ ಇಟ್ಕೋತಾರೆ,” ಎಂದರು. ಶುಕ್ರವಾರದ ಸುಳ್ಳನ್ನು ಇಲ್ಲಿ ಬರೆಯಲಾರೆ, ಅದಕ್ಕೂ ಅವರು ಸಾರು ಬಡಿಸಿದರು ಅಷ್ಟೆ.

ಶನಿವಾರ ಸಂಜೆ ಟಿ.ವಿ.ಯಲ್ಲಿ ಕುದುರೆಯ ಹಳೆಯ ಚಿತ್ರ ಬರುತ್ತಿತ್ತು. ಅತ್ತೆ ಅಕ್ಕಿ ಆರಿಸುತ್ತಿದ್ದರು. ಬೆಳಗಾದರೆ ಕಾರು ಬರುತ್ತದೆ. ಉಪಾಯವೆಲ್ಲ ಮುಗಿದು, ಮನಸ್ಸಿನಲ್ಲಿದ್ದದ್ದೇ ಬಾಯಿಗೆ ಬಂತು. “ನಿಮ್ಮ ಮಗಳು ಹೇಳಿದ್ದೇ ಸರಿ ಅತ್ತೆ. ಸೈಕಲ್ಲಿನವನೇ ದೊಡ್ಡವನು. ಕುದುರೆಯದು ಏನೂ ಇಲ್ಲ.”

ಅಕ್ಕಿಯ ಮೊರ ಕೆಳಗಿಟ್ಟರು.

“ಏನಂದ್ರಿ?”

ಮತ್ತೆ ಹೇಳಿದೆ.

“ಸೈಕಲ್ಲಿನೋನು ಹೀರೋ ಪಾತ್ರ ಬುಟ್ಟು, ತಾತನ ಪಾತ್ರ ಹಿಡ್ದು ಕುರ್ಚಿ ಮೇಲೆ ಕೂತ. ಅದು ದೊಡ್ಡತನವಾ? ನಾನು ಕುದುರೆ ಕಡೆಯೋಳು ಮೇಷ್ಟ್ರೇ. ಮದುವೆಗೂ ಮುಂಚೆಯಿಂದ. ಗಾಡಿ ಕಟ್ಟಿಸ್ಕೊಂಡು ಟೆಂಟಿಗೆ ಹೋಗಿ ನೋಡಿದೋಳು.”

“ಮತ್ತೆ ಇಷ್ಟು ವರ್ಷ ಒಂದು ಮಾತೂ ಆಡಲಿಲ್ಲವಲ್ಲ.”

“ನನ್ನ ಕಡೆಯಿಂದ ಮಾತಾಡೋಕೆ ನೀವಿದ್ರಲ್ಲ. ಮಗಳು ಅಳಿಯನ ಮಧ್ಯೆ ಬಾಯಿ ಹಾಕಬಾರದು ಅಂತ ಸುಮ್ಕಿದ್ದೆ. ಆದ್ರೆ ಎಷ್ಟು ಕೆಟ್ಟದಾಗಿ ವಾದ ಮಾಡ್ತಿದ್ರಿ ಅಂದ್ರೆ, ನನಗೆ ಉಂಡಿದ್ದು ಮೈಗೆ ಹತ್ತುತ್ತಿರಲಿಲ್ಲ. ಕೆಮ್ಮಿಗೂ ಸಂಭಾವನೆಯಂತೆ. ಬಸ್ಸಿನ ತುಂಬ ಜನದ ಮುಂದೆ.”

ಅವತ್ತು ಲೊಚಗುಟ್ಟಿದ್ದು ಆನೆಗಲ್ಲ ಎಂದು ಆಗ ತಿಳಿಯಿತು. ನಾನು ಹೆಂಡತಿಯ ಮಾತುಗಳನ್ನೇ ಒಂದೊಂದಾಗಿ ತೆಗೆದೆ. ತಮ್ಮನಾದ, ಅಣ್ಣನಾದ, ಅಪ್ಪನಾದ, ವಯಸ್ಸಿಗೆ ಮರ್ಯಾದೆ ಕೊಟ್ಟ.

“ಅದು ಅವಳ ಮಾತು,” ಎಂದರು ಅತ್ತೆ. “ನಿಮ್ದೇನಾದ್ರೂ ಇದ್ರೆ ಹೇಳಿ.” ಅವರೇ ಮುಂದುವರಿಸಿದರು. “ನಮ್ಮೋನು ಯಾಕೆ ಕುದುರೆಯಿಂದ ಇಳೀಲಿಲ್ಲ ಅಂತ ಯಾರಾದ್ರೂ ಯೋಚನೆ ಮಾಡಿದ್ರಾ? ಹೆಂಡ್ತಿ ಹೋದ ಮೇಲೆ ಆಯಪ್ಪ ಒಂದು ದಿನ ಮನೆಯಾಗೆ ಕೂರಲಿಲ್ಲ. ಇಳಿದ್ರೆ ಮನೆಗೋಗ್ಬೇಕಲ್ಲ, ಅದಕ್ಕೆ. ನೀವೀಗ ಭಾನುವಾರನೂ ಬೀಗ ತೆಗೆಸಿ ಸ್ಕೂಲಾಗೆ ಕೂರಲ್ವಾ, ಹಂಗೆ. ಇಪ್ಪತ್ತಾರು ವರ್ಷದಲ್ಲಿ ಈ ಪಾಯಿಂಟು ಒಂದು ಸಲನೂ ಎತ್ತಲಿಲ್ಲ ನೀವು.”

ಆ ಭಾನುವಾರ ನಾನು ಸ್ಕೂಲಿಗೆ ಹೋಗಲಿಲ್ಲ. ಭಾವಮೈದ ಹತ್ತು ಗಂಟೆಗೆ ಬಂದು, ಅತ್ತೆಯ ಬ್ಯಾಗನ್ನು ಒಯ್ದು ಡಿಕ್ಕಿಗೆ ಹಾಕಿ ಮತ್ತೆ ಒಳಗೆ ಬಂದ. ನಾವಿಬ್ಬರೂ ತಿಂಡಿಯ ತಟ್ಟೆ ಮುಂದಿಟ್ಟುಕೊಂಡು ಕುದುರೆಯ ಮೂರನೆಯ ಚಿತ್ರದ ಜಗಳದಲ್ಲಿದ್ದೆವು. ಅವನು ಬಾಗಿಲಲ್ಲೇ ನಿಂತು ತಾಯಿಯ ದನಿ ಸ್ವಲ್ಪ ಹೊತ್ತು ಕೇಳಿಸಿಕೊಂಡ. ಆಮೇಲೆ ತಾಯಿಯನ್ನು ಸಂತೋಷಪಡಿಸಲು, “ಹೊರಡಮ್ಮ. ನಮ್ಮ ಮನೆಯಾಗೆ ಎಲ್ರೂ ಕುದುರೆನೇ. ನಿನ್ನ ಸೊಸೆನೂ ಕುದುರೆ,” ಎಂದ.

ಅತ್ತೆ ಅವನನ್ನು ನೋಡಿದರು. “ಹಂಗಾದ್ರೆ ನಾನು ಬಂದು ಯಾರ ಹತ್ರ ಮಾತಾಡ್ಲಿ? ಈ ಮೇಷ್ಟ್ರು ಮುದುಕರಾದ ಮೇಲೆ ಪಾರ್ಟಿ ಬದಲಾಯಿಸಿ ಕೂತವ್ರೆ. ಇವರನ್ನ ಸರಿ ಮಾಡ್ದೆ ನಾನು ಎಲ್ಲಿಗೂ ಬರಲ್ಲ.”

ಭಾವಮೈದ ನನ್ನನ್ನು ಅಡಿಗೆ ಮನೆಗೆ ಕರೆದುಕೊಂಡು ಹೋಗಿ, “ಭಾವ, ಏನು ಮಾಡಿದ್ರಿ ಅಮ್ಮಂಗೆ?” ಎಂದು ಕೇಳಿದ. “ಸೋತೆ,” ಎಂದೆ.

ಕಾಫಿ ಕುಡಿದು ಅವನು ಹೊರಟುಹೋದ. ಬ್ಯಾಗು ಡಿಕ್ಕಿಯಲ್ಲೇ ಇದೆ ಎಂದು ಮೂವರಿಗೂ ನೆನಪಾಗಲಿಲ್ಲ. ಹಾಸನದಿಂದ ಅದು ಬಸ್ಸಿನಲ್ಲಿ ವಾಪಸು ಬರಲು ಮೂರು ದಿನ ಹಿಡಿಯಿತು. ಮೂರು ದಿನವೂ ಅತ್ತೆ ಮಗಳ ಸೀರೆ ಉಟ್ಟುಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಗಳ ಪಕ್ಷದ ಮೇಲೆ ಬಿದ್ದರು. ನಾನು ಮಗಳ ಪರವಾಗಿ ನಿಂತು ಮೂರು ದಿನವೂ ಸೋತೆ.

ಎಂಟು ದಿನದ ಮೇಲೆ ರೈಟರ್ ನಮ್ಮ ಕಿಟಕಿಯ ಹತ್ತಿರ ನಿಂತು ನನ್ನ ವಾದವನ್ನು ಪೂರ್ತಿ ಕೇಳಿಸಿಕೊಂಡ. ಆಮೇಲೆ ಒಳಗೆ ಬಂದು ಕೈ ಮುಗಿದ. “ಸಾರ್, ನಿಮ್ಮ ಕಷ್ಟ ಅರ್ಥ ಆಗ್ತದೆ. ಆದ್ರೆ ದಯವಿಟ್ಟು ಕುದುರೆ ಕಡೆಗೇ ವಾಪಸ್ ಹೋಗ್ಬುಡಿ. ಅಮ್ಮಾವ್ರು ಇಪ್ಪತ್ತಾರು ವರ್ಷ ಕಷ್ಟಪಟ್ಟು ಉಳಿಸಿದ್ದ ಸೈಕಲ್ಲಿನ ಮರ್ಯಾದೆನ ನೀವು ಒಂದೇ ವಾರದಲ್ಲಿ ಕಳೆದ್ಬುಟ್ರಿ.”