ಸೋಫಾ ಅಂಗಡಿಯವರು ವೆಬ್‌ಸೈಟ್ ತಿದ್ದಿದ್ದು

ಹೆಂಡತಿ: ಫೋನ್ ನಂಬರ್ ಒಂದನ್ನ ಬದಲಾಯಿಸಿ ಅಂದ್ರೆ ಅಂಗಡಿ ಹೆಸರನ್ನೇ ಅಳಿಸಿ ಕೂತಿದ್ದೀರಲ್ರೀ!

ಗಂಡ: ನಾನು ಅಳಿಸಿಲ್ಲ ಕಣೇ. ಅದಾಗೇ ಹೋಯ್ತು.

ಹೆಂಡತಿ: ಹೋಗದೆ ಏನು? ನಿಮ್ಮ ಕೈ ತಾಗಿದ್ರೆ ಕಾಲಿಲ್ಲದ್ದೂ ಎದ್ದು ಓಡುತ್ತೆ!

ಸೋಫಾ ರಿಪೇರಿ ಅಂಗಡಿಯ ಯಜಮಾನ ಸ್ಪಂಜಿನ ಚೂರುಗಳ ನಡುವೆ ಲ್ಯಾಪ್‌ಟಾಪ್ ಇಟ್ಟುಕೊಂಡು ಬೆವರುತ್ತಿದ್ದ. ಊರಿನ ಚಿತ್ರಮಂದಿರದ ಮ್ಯಾನೇಜರ್ ಸೀಟುಗಳಿಗೆಲ್ಲ ಹೊಸ ಹೊದಿಕೆ ಹಾಕಿಸುವವನಿದ್ದ. ಮಧ್ಯಾಹ್ನ ವೆಬ್‌ಸೈಟ್ ನೋಡಿ ಫೋನ್ ಮಾಡುತ್ತೇನೆಂದು ಹೇಳಿಕಳಿಸಿದ್ದ. ವೆಬ್‌ಸೈಟಿನಲ್ಲಿದ್ದದ್ದೋ, ಎಂದೋ ಕಳೆದುಹೋದ ಫೋನಿನ ನಂಬರು.

ಗಂಡ: ನಿನ್ನ ತಮ್ಮ ತಾನೇ ಮಾಡಿಕೊಟ್ಟಿದ್ದು? ‘ಭಾವ, ಏನೂ ಕಲೀಬೇಕಾಗಿಲ್ಲ, ಮುಟ್ಟಿದ್ರೆ ಸಾಕು’ ಅಂದಿದ್ದ.

ಹೆಂಡತಿ: ಮುಟ್ಟಿ ಅಂದ, ಪರಚಿ ಅನ್ಲಿಲ್ಲ. ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ!

ಗಂಡ: ಇಲ್ಲಿ ‘ಡ್ರಾಫ್ಟ್’ ಅಂತಿದೆ. ಬ್ಯಾಂಕಿಗೆ ಹೋಗ್ಬೇಕಾ?

ಹೆಂಡತಿ: ಹೋಗಿ, ಅಲ್ಲೇ ಇದ್ದುಬಿಡಿ! ನೀವು ಟೈಪ್ ಮಾಡೋದು ಕೋಳಿ ಕಾಳು ಹೆಕ್ಕಿದ ಹಾಗಿದೆ. ಆ ಮೈಕಿನ ಚಿತ್ರ ಒತ್ತಿ, ನಾನು ಹೇಳ್ತೀನಿ, ಅದೇ ಬರಕೊಳ್ಳುತ್ತೆ.

ಅವನು ಒತ್ತಿದ. ಅವಳು ಗಂಟಲು ಸರಿಮಾಡಿಕೊಂಡು ಹೊಸ ನಂಬರನ್ನು ಬಿಡಿಬಿಡಿಯಾಗಿ ಹೇಳಿದಳು. ಅಂಕಿಗಳು ಒಂದೊಂದಾಗಿ ಮೂಡಿದವು. ಅವನು ಬೆರಗಾಗಿ ಹೆಂಡತಿಯ ಕಡೆಗೇ ತಿರುಗಿ ಕೂತ.

ಗಂಡ: ಭಲೇ! ನಿನಗೆ ಇದೆಲ್ಲ ಹೇಗೆ ಗೊತ್ತೇ?

ಹೆಂಡತಿ: ತಲೆ ಇದ್ದವರಿಗೆ ಗೊತ್ತಿರುತ್ತೆ. ನಿಮಗೆ ಗೊತ್ತಿರೋದು ಒಂದೇ, ಹೊಲಿಯೋದು. ಆ ವಕೀಲರ ಸೋಫಾನ ಹೊಲಿಗೆ ಓರೆಯಾಯ್ತು ಅಂತ ಎಷ್ಟು ಸಲ ಬಿಚ್ಚಿದ್ರಿ? ಅವರೇ ಸಾಕು ಬಿಡಯ್ಯಾ ಅಂದ್ರೂ ಬಿಡ್ಲಿಲ್ಲ!

ಗಂಡ: ಓರೆ ಇತ್ತಲ್ಲ...

ಹೆಂಡತಿ: ಇತ್ತು, ಕುಂಡೆ ಅಡೀಲಿ! ಎಲ್ಲರೂ ಒಳಗೆ ಹಳೇ ಸ್ಪಂಜ್ ತುರುಕಿ ದುಡ್ಡು ಮಾಡ್ಕೊಂಡ್ರು. ನೀವು ಹೊಸದೇ ಆಗ್ಬೇಕು ಅಂತ ಕೂತು ಬರಿಗೈ ಆದ್ರಿ. ಇನ್ನು ಆ ಮ್ಯಾನೇಜರ್! ಅವನ ಥಿಯೇಟರಲ್ಲಿ ಕೂತ್ರೆ ಬೆನ್ನಿಗೆ ಸ್ಪ್ರಿಂಗು, ಎದ್ರೆ ಪ್ಯಾಂಟಿಗೆ ತೂತು. ಮಹಾ ಜಿಪುಣ. ಏನ್ ನನ್ನ ಮುಖ ನೋಡ್ತಿದ್ದೀರಿ? ಆ ಹಸಿರು ಗುಂಡಿ ಒತ್ತಿ, ವೆಬ್‌ಸೈಟಿಗೆ ಹೋಗುತ್ತೆ!

ಬೈಗುಳದ ರಭಸಕ್ಕೆ ಅವನು ಕಣ್ಣು ಮುಚ್ಚಿಕೊಂಡೇ ಒತ್ತಿದ. ಸ್ವಲ್ಪ ಹೊತ್ತಿನಲ್ಲೇ ಫೋನ್ ರಿಂಗಾಯಿತು. ಹೆಂಡತಿ ಗೆದ್ದ ಮುಖದಲ್ಲಿ ಸ್ಪೀಕರ್ ಹಾಕಿದಳು.

ಮ್ಯಾನೇಜರ್: ಸೋಫಾ ಅಂಗಡೀನಾ? ಮಹಾ ಜಿಪುಣ ಮಾತಾಡ್ತಿದ್ದೀನಿ.

ಹೆಂಡತಿ ಫೋನನ್ನು ಗಂಡನ ಕೈಗೆ ತುರುಕಿದಳು. ಗಂಡ ಲ್ಯಾಪ್‌ಟಾಪಿಗೆ ಬಗ್ಗಿದ. ನಂಬರಿನ ಕೆಳಗೆ ಹೆಂಡತಿಯ ಮಾತೆಲ್ಲ, ಕುಂಡೆಯ ಸಮೇತ, ಸಾಲುಸಾಲಾಗಿ ನಿಂತಿತ್ತು.

ಗಂಡ: ಸ್ವಾಮೀ, ಅದು... ಮೈಕು...

ಮ್ಯಾನೇಜರ್: ಸುಮ್ನಿರಯ್ಯಾ. ಬೆಳಿಗ್ಗೆಯಿಂದ ಎಷ್ಟೋ ಅಂಗಡಿ ವೆಬ್‌ಸೈಟ್ ನೋಡಿದೆ. ಎಲ್ಲಾ ಕಡೆ ‘ಉತ್ತಮ ಗುಣಮಟ್ಟ, ಉತ್ತಮ ಗುಣಮಟ್ಟ’. ಅವರ ಬಾಯಿಗಿಷ್ಟು ಸ್ಪಂಜು ಹಾಕ! ಹೆಂಡತಿ ಕೈಲಿ ಬೈಸ್ಕೊಂಡು ಹೊಸ ಸ್ಪಂಜ್ ಹಾಕೋನು ನೀನೊಬ್ಬನೇ. ನಾಳೆ ಬಂದು ಅಳತೆ ತಗೋ. ರೇಟು ಮಾತಾಡೋಕೆ ಮಾತ್ರ ನೀನೇ ಬಾ, ಅಮ್ಮಾವ್ರು ಬೇಡ.

ಮ್ಯಾನೇಜರ್ ಫೋನ್ ಇಟ್ಟದ್ದೇ ತಡ, ಹೆಂಡತಿ ಗಂಡನ ಮೇಲೆ ತಿರುಗಿಬಿದ್ದಳು.

ಹೆಂಡತಿ: ನೋಡ್ತಾ ಕೂತಿದ್ದೀರಲ್ರೀ! ನೆಂಟರು ಇಷ್ಟರೆಲ್ಲ ಓದ್ತಾರೆ, ಮೊದ್ಲು ಅಳಿಸಿ ಅದನ್ನ!

ಯಜಮಾನ ಲ್ಯಾಪ್‌ಟಾಪನ್ನು ಮೆಲ್ಲಗೆ ಮುಚ್ಚಿ ಸೂಜಿಗೆ ದಾರ ಪೋಣಿಸತೊಡಗಿದ.

ಗಂಡ: ನನಗೆಲ್ಲಿ ಬರುತ್ತೆ ಅದೆಲ್ಲಾ? ತಲೆ ಇದ್ದವರು ಅಳಿಸಲಿ.