ಮಡಿ ಮನೆಗೆ ಬಂದ ಫೈಟರ್ ಮೀನು

ದೇವರ ಮುಂದೆ ಏನನ್ನಾದರೂ ಬೇಡಿಕೊಳ್ಳುವಾಗ ವಿವರವಾಗಿ ಬೇಡಿಕೊಳ್ಳಬೇಕು ಎಂಬುದು ನಾನು ತಡವಾಗಿ ಕಲಿತ ಪಾಠ. ‘ರಾಯರೇ, ನಮ್ಮ ಧಾತ್ರಿ ಆ ಮೊಬೈಲನ್ನು ಕೆಳಗಿಡುವ ಹಾಗೆ ಮಾಡಿ’ ಎಂದಷ್ಟೇ ಕೇಳಿ ಸುಮ್ಮನಾಗಿದ್ದೆ. ಅದರ ಬದಲಿಗೆ ಮಗುವಿನ ಕೈಗೆ ಏನು ಕೊಡಬೇಕೆಂದು ಹೇಳಿರಲಿಲ್ಲ. ಅವರು ಮೀನು ಕೊಟ್ಟರು. ನಾಯಿ ಕೊಡಲಿಲ್ಲವಲ್ಲ, ಅದೇ ಅವರ ಕರುಣೆ.

ಗೆಳತಿಯ ಮನೆಯಲ್ಲಿ ಫೈಟರ್ ಮೀನು ನೋಡಿ ಬಂದ ಮಗಳು ಹಟ ಹಿಡಿದಳು. ಇವರು ವಿಮೆ ಆಫೀಸಿನವರು, ಊರಿಗೆಲ್ಲ ‘ಷರತ್ತುಗಳನ್ನು ಓದಿ ಸಹಿ ಹಾಕಿ’ ಎಂದು ಬುದ್ಧಿ ಹೇಳುವವರು. ನಾವಿರುವ ಈ ತಮಿಳು ಊರಿನ ಕೊಳತ್ತೂರು ಪೇಟೆಯ ಸಾಕುಮೀನಿನ ಅಂಗಡಿಯಲ್ಲಿ ಮಾತ್ರ ಏನೂ ಕೇಳದೆ, ತೋರಿಸಿದ್ದನ್ನೆಲ್ಲ ಕಟ್ಟಿಸಿಕೊಂಡರು. ಗಾಜಿನ ತೊಟ್ಟಿ, ಅದಕ್ಕೆ ಮುಚ್ಚಳ, ಬಣ್ಣದ ಕಲ್ಲು, ಪ್ಲಾಸ್ಟಿಕ್ ಗಿಡ, ಜೊತೆಗೆ ಮೀನು ಒಳಗೆ ಹೋಗಿ ವಿಶ್ರಮಿಸಿಕೊಳ್ಳಲು ಒಂದು ಪುಟ್ಟ ಬಂಗಲೆ. ಮಾಧವರಂ ಬಡಾವಣೆಯ ನಮ್ಮ ಫ್ಲಾಟಿಗಿಂತ ಆ ಬಂಗಲೆಗೆ ಕಿಟಕಿ ಜಾಸ್ತಿ.

ತೊಟ್ಟಿಯನ್ನು ಇಡುವುದೆಲ್ಲಿ? ಈಶಾನ್ಯದಲ್ಲಿಟ್ಟರೆ ಒಳ್ಳೆಯದಂತೆ. ಆದರೆ ನಮ್ಮ ಈಶಾನ್ಯದಲ್ಲಿ ದೇವರಿದ್ದಾನೆ. ಅತ್ತೆ ಕುಳಿತಲ್ಲಿಂದಲೇ ಅಪ್ಪಣೆ ಕೊಟ್ಟರು. “ದೇವರ ಕಡೆ ಬೇಡ, ಅಡುಗೆಮನೆ ಕಡೆ ಬೇಡ, ನಾನು ಕೂತ್ಕೊಳ್ಳೋ ಕಡೆಯಂತೂ ಬೇಡವೇ ಬೇಡ.” ಇವಿಷ್ಟನ್ನು ಕಳೆದ ಮೇಲೆ ನಮ್ಮ ಮನೆಯಲ್ಲಿ ಉಳಿಯುವುದು ಚಪ್ಪಲಿ ಸ್ಟ್ಯಾಂಡಿನ ತಲೆ. ಹಿಡಿದಿಟ್ಟ ನಲ್ಲಿ ನೀರನ್ನು ಒಂದು ದಿನ ತೆರೆದಿಟ್ಟು, ಕ್ಲೋರಿನ್ ವಾಸನೆ ಹೋದ ಮೇಲೆ ತುಂಬಿ, ಮೀನನ್ನು ಬಿಟ್ಟೆವು. ನೀಲಿ ಬಣ್ಣ, ಸೆರಗಿನ ಹಾಗೆ ಹರಡಿದ ಬಾಲ. ಧಾತ್ರಿ ಅದಕ್ಕೆ ಕೃಷ್ಣ ಎಂದು ಹೆಸರಿಟ್ಟಳು. ಇನ್ನು ಅತ್ತೆ ಅದನ್ನು ಬೈಯುವಂತೆಯೂ ಇಲ್ಲ.

ಮೀನಿನ ಆಹಾರದ ಡಬ್ಬಿಯ ಮುಚ್ಚಳ ತೆಗೆದಾಗ ನಿಜವಾದ ಸಂಕಟ ಹೊರಬಂತು. ಸಾಸಿವೆ ಕಾಳಿನಂಥ ಗುಳಿಗೆಗಳು, ವಾಸನೆ ಮಾತ್ರ ಇಡೀ ಕಾಸಿಮೇಡು ಮೀನು ಬಂದರಿನದು. ಒಣಸಿಗಡಿ, ಹುಳ, ಇನ್ನೂ ಏನೇನೋ. ಅತ್ತೆ ಮೂಗಿಗೆ ಸೆರಗು ಒತ್ತಿಕೊಂಡರು. “ಮೀನು ಬಂದಿದ್ದು ಬಂತು. ಭಗವಂತನೇ ಆ ರೂಪ ತಾಳಿದ್ದ ಅಂದ್ಕೋತೀನಿ. ಆದ್ರೆ ಈ ಡಬ್ಬಿ ಹೊಸ್ತಿಲು ದಾಟಬಾರದು.”

ಸರಿ, ಮೀನಿಗೆ ನಮ್ಮ ಊಟವನ್ನೇ ಕಲಿಸೋಣವೆಂದು ಹೊರಟೆ. ಬೆಂದ ಅನ್ನದ ಅಗುಳು ಹಾಕಿದೆ. ಬಾಯಿಗೆ ತೆಗೆದುಕೊಂಡು ಉಗಿಯಿತು. ಹೆಸರುಬೇಳೆ ಹಾಕಿದೆ, ತಿರುಗಿ ನೋಡಲಿಲ್ಲ. ಸೌತೆಕಾಯಿ ತುರಿ ಕಂಡು ಬಂಗಲೆಯೊಳಗೆ ಹೋಗಿ ಕೂತಿತು. ಇವರು ಪೇಪರಿನಿಂದ ತಲೆಯೆತ್ತದೆ, “ನಿಧಾನಕ್ಕೆ ಅಭ್ಯಾಸ ಆಗುತ್ತೆ ಬಿಡು. ಹೊಸದರಲ್ಲಿ ನಿನಗೆ ನಮ್ಮಮ್ಮನ ಸಾರು ಅಭ್ಯಾಸ ಆಗಲಿಲ್ವಾ?” ಎಂದರು. ಆಯಿತು, ನಿಜ. ನನಗೆ ಬೇರೆ ಡಬ್ಬಿ ಇರಲಿಲ್ಲ.

ನಾಲ್ಕನೆಯ ದಿನ ಮೀನು ಬಣ್ಣ ಕಳೆದುಕೊಂಡು ತಳ ಹಿಡಿಯಿತು. ಧಾತ್ರಿ ತಟ್ಟೆಯನ್ನು ದೂರ ತಳ್ಳಿದಳು. ಮಗಳಿಗೆ ಸಿಟ್ಟು ಬಂದರೆ ಬಾಯಿಗೆ ಬರುವುದು ಶಾಲೆಯ ತಮಿಳು. “ಕೃಷ್ಣ ಸಾಪ್ಪಿಡಲೇನ್ನಾ ನಾನುಂ ಸಾಪ್ಪಿಡಮಾಟ್ಟೇನ್.” ಅವನು ಉಣ್ಣದೆ ತಾನೂ ಉಣ್ಣುವುದಿಲ್ಲವಂತೆ. ಆಲೂಗಡ್ಡೆ ಪಲ್ಯವನ್ನೂ ಮುಟ್ಟಲಿಲ್ಲ. ಅಂಗಡಿಗೆ ಫೋನ್ ಮಾಡಿದರೆ ಆತ ಗಾಬರಿಯಾದ. “ಅಕ್ಕಾ, ಅನ್ನ ಹಾಕ್ತೀರಾ? ಅದು ಪಕ್ಕಾ ನಾನ್-ವೆಜ್ ಅಕ್ಕಾ. ಹೀಗೇ ಬಿಟ್ರೆ ಪೋಯಿಡುಂ.” ಹೋಗಿಬಿಡುತ್ತದೆ ಎಂದ ಮಾತು ಸ್ಪೀಕರಿನಲ್ಲಿ ಅತ್ತೆಯ ಕಿವಿಗೂ ಬಿತ್ತು.

ಅತ್ತೆ ಮೀನನ್ನು ನೋಡಿದರು. ಖಾಲಿ ಹೊಟ್ಟೆಯಲ್ಲಿ ಚಪ್ಪಲಿಗಳ ನಡುವೆ ಕುಕ್ಕರುಗಾಲಿನಲ್ಲಿ ಕೂತ ಮೊಮ್ಮಗಳನ್ನು ನೋಡಿದರು. “ಹುಲಿಗೆ ಹುಲ್ಲು ಹಾಕಿದರೆ ಪುಣ್ಯ ಬರುತ್ತೇನೇ, ಸುಧಾ? ಅದರ ಹುಟ್ಟುಗುಣ ಅದು. ಮಗು ಹಸ್ಕೊಂಡು ನನ್ನ ಮಡಿ ಉಳೀಬೇಕಾ? ಹಾಕು ಅತ್ಲಾಗಿ.” ನಾನು ಬಾಗಿಲಾಚೆ ಇಟ್ಟಿದ್ದ ಡಬ್ಬಿಗೆ ಕೈ ಹಾಕುವಷ್ಟರಲ್ಲಿ ತಿದ್ದುಪಡಿಯೂ ಬಂತು. “ಹಾಕಿದವರು ಸ್ನಾನ ಮಾಡಿ ಒಳಗೆ ಬರಬೇಕು.”

ಗುಳಿಗೆ ನೀರಿಗೆ ಬಿದ್ದದ್ದೇ ತಡ, ಕೃಷ್ಣ ಬಾಣದಂತೆ ಮೇಲೆ ಬಂದ. ಧಾತ್ರಿ ಅಲ್ಲೇ ಕೂತು ಪಲ್ಯ, ಅನ್ನ ಎಲ್ಲ ಮುಗಿಸಿದಳು. ನಾನು ರಾಯರಿಗೆ ಕೈ ಮುಗಿದು ಬಚ್ಚಲಿಗೆ ಹೋದೆ. ಮಗು ಚಿಕ್ಕದು, ಇವರಿಗೆ ಆಫೀಸು, ಹಾಗಾಗಿ ‘ಹಾಕಿದವರು’ ಎಂದರೆ ನಮ್ಮ ಮನೆಯಲ್ಲಿ ನಾನೇ. ಅವನಿಗೆ ಎರಡು ಹೊತ್ತು ಊಟ, ನನಗೆ ಎರಡು ಸ್ನಾನ. ನೀರಿನ ಲಾರಿ ಬಾರದ ದಿನ ಮಾತ್ರ ತಲೆಗೆ ಪ್ರೋಕ್ಷಣೆ ಸಾಕೆಂದು ಅತ್ತೆ ವಿನಾಯಿತಿ ಕೊಟ್ಟಿದ್ದಾರೆ. ದೊಡ್ಡ ಮನಸ್ಸು.

ಆಮೇಲೊಂದು ದಿನ ಅಂಗಡಿಯವನು, ಆಗಾಗ ಒಂದು ದಿನ ಮೀನಿಗೆ ಏನೂ ಹಾಕದಿದ್ದರೆ ಹೊಟ್ಟೆಗೆ ಒಳ್ಳೆಯದು ಎಂದ. ಅತ್ತೆಯ ಮುಖ ಅರಳಿತು. ಪಂಚಾಂಗ ತೆಗೆದರು. ಅಂದಿನಿಂದ ಕೃಷ್ಣನಿಗೆ ಏಕಾದಶಿ. ನಿರ್ಜಲ ಉಪವಾಸ ಅವನ ಕೈಲಾಗದು, ಅದೊಂದನ್ನು ಬಿಟ್ಟರೆ ಪರಮ ನಿಷ್ಠೆ. ಅತ್ತೆ ಈಗ ಕುರ್ಚಿಯನ್ನು ಚಪ್ಪಲಿ ಸ್ಟ್ಯಾಂಡಿನ ಎದುರಿಗೇ ಹಾಕಿಕೊಂಡು, ಬಂದವರಿಗೆಲ್ಲ “ನೋಡಿ, ಬೆಳಗಿನಿಂದ ಬಾಯಿಗೆ ಒಂದು ಕಾಳು ಹಾಕಿಲ್ಲ” ಎಂದು ತೋರಿಸುತ್ತಾರೆ. ದ್ವಾದಶಿಯ ಬೆಳಿಗ್ಗೆ ಮೊದಲ ಪಾರಣೆ ಅವನದು, ನನ್ನದು ಕೊನೆಗೆ.

ಅದರ ಬಗ್ಗೆ ನನಗೆ ದೂರಿಲ್ಲ. ಕಷ್ಟವೆಲ್ಲ ಏಕಾದಶಿಯ ಮಧ್ಯಾಹ್ನದ್ದು. ಸಾಬಕ್ಕಿ ಉಪ್ಪಿಟ್ಟು, ಬಾಳೆಹಣ್ಣು, ಹಾಲು ಜಾಸ್ತಿ ಹಾಕಿದ ಕಾಫಿ, ಇವುಗಳ ಆಸರೆಯಲ್ಲಿ ಉಪವಾಸ ಮಾಡುವವಳು ನಾನು. ತಟ್ಟೆ ಹಿಡಿದು ನಡುಮನೆಗೆ ಬಂದರೆ ಅವನು ಗಾಜಿಗೆ ಮುಖ ಒತ್ತಿ, ನನ್ನ ಕೈಯನ್ನೇ ನೋಡುತ್ತಾನೆ. ಈಚೆಗೆ ನಾನು ಆ ದಿನ ಅಡುಗೆಮನೆಯಲ್ಲೇ, ಬಾಗಿಲು ಒರಗಿಸಿಕೊಂಡು ಉಪವಾಸ ಮಾಡುತ್ತಿದ್ದೇನೆ.