ದೊಡ್ಡತ್ತೆಯ ಉಗುರುಕತ್ತರಿ

ನಮ್ಮ ದೊಡ್ಡತ್ತೆಗೆ ಹೆದರದವರು ಆ ಸೀಮೆಯಲ್ಲಿ ಯಾರಾದರೂ ಇದ್ದರು ಎಂದರೆ, ಅವರ ಕೈಯಲ್ಲಿ ಉಗುರೇ ಇರಲಿಲ್ಲ ಎಂದು ತಿಳಿಯಿರಿ!

ಅಪ್ಪನ ಅಕ್ಕ ಆಕೆ. ಕೋಣಂದೂರಿನಲ್ಲಿ ಮನೆ. ನೆಂಟರಲ್ಲಿ ಯಾರಿಗೆ ಹೆರಿಗೆಯಾದರೂ ಸರಿ, ಕರೆಯಲಿ ಬಿಡಲಿ, ಮೊದಲ ಬಸ್ಸಿಗೇ ಹಾಜರು. ಸೊಂಟದ ಸಂಚಿಯಲ್ಲಿ ಎಲೆಅಡಿಕೆಯ ಜೊತೆಗೊಂದು ಸಣ್ಣ ಕತ್ತರಿ. ಕೂಸು ನೋಡಲು ಬಂದವರು ಹೊಸ್ತಿಲು ದಾಟುವ ಮೊದಲು ಕೈ ಚಾಚಬೇಕು. ಉಗುರು ಕಂಡಿತೋ, ಕಚಕ್!

ಅರವತ್ತರ ದಶಕ. ನಾನು ಚೊಚ್ಚಲ ಬಾಣಂತಿಯಾಗಿ ರಿಪ್ಪನ್‌ಪೇಟೆಯ ತವರಿನಲ್ಲಿದ್ದೆ. ನನ್ನ ಗಂಡನ ತಾಯಿ ಹೊಸನಗರದಿಂದ ರೇಷ್ಮೆ ಸೀರೆಯುಟ್ಟು, ಕೂಸಿಗೆ ಹಾಲು ಕುಡಿಸುವ ಬೆಳ್ಳಿ ಒಳಲೆ ಹಿಡಿದು ಮೊಮ್ಮಗನನ್ನು ನೋಡಲು ಬಂದರು. ಬೀಗಿತ್ತಿ ಅಲ್ಲವೇ, ಆರತಿ ಎತ್ತಬೇಡವೇ? ಮೆಟ್ಟಿಲಲ್ಲೇ ಕೈ ಹಿಡಿದಳು ನಮ್ಮ ಮಹಾರಾಯ್ತಿ!

"ಇದೆಂಥ ಮರ್ಯಾದೆ? ನಾನೇನು ಕ್ಷೌರಕ್ಕೆ ಬಂದಿದೀನಾ?"

"ಮರ್ಯಾದೆ ಆಮೇಲೆ ಮಾಡ್ತೀನಿ. ಮೊದ್ಲು ಹೆಬ್ಬೆಟ್ಟು ಕೊಡಿ!"

ನಾನು ಕಂಬಳಿಯೊಳಗೆ ಮುಖ ಹುದುಗಿಸಿದೆ. ನಾಳೆ ಆ ಮನೆಗೆ ಹೋಗಿ ಬಾಳಬೇಕಾದವಳು ನಾನು ತಾನೇ?

ನಿಜವಾದ ಆಘಾತ ಆಮೇಲಿನದು. ಒಂದು ಬೆಳಿಗ್ಗೆ ಅಮ್ಮ ಬಚ್ಚಲಲ್ಲಿ ಕಾಲು ನೀಡಿ ಕೂತು, ಕೂಸನ್ನು ಕಾಲಮೇಲೆ ಮಲಗಿಸಿ ಎಣ್ಣೆ ಹಚ್ಚುತ್ತಿದ್ದಳು. ಬಗ್ಗಿ ನೋಡಿದವಳು ಕಿಟಾರನೆ ಕಿರುಚಿದೆ. ಮಗನ ಎದೆ ಎರಡೂ ಕಡೆ ಊದಿದೆ. ತೊಟ್ಟಿನಲ್ಲಿ ಬೆಳ್ಳಗೆ ಹಾಲಿನ ಹನಿ! ಗಂಡುಕೂಸಿಗೆ ಎದೆಹಾಲು! ಇದನ್ನು ಯಾರ ಹತ್ತಿರ ಹೇಳುವುದು?

"ಎಂತದೂ ಇಲ್ಲ, ಸುಮ್ನಿರು. ಕೆಲವು ಕೂಸಿಗೆ ಹಿಂಗಾಗ್ತದೆ. ಹಿಂಡಿ ತೆಗುದ್ರೆ ಆಯ್ತು," ಎಂದು ಅಮ್ಮ ಬೆರಳು ಇಟ್ಟಳು. ಎಲ್ಲರ ಮನೆಯಲ್ಲೂ ಹಾಗೇ ಮಾಡುತ್ತಿದ್ದರು.

"ಮುಟ್ಬೇಡ!"

ದೊಡ್ಡತ್ತೆ ನುಗ್ಗಿ ಬಂದು, ಕೂಸನ್ನು ಎಣ್ಣೆಮೈಯಲ್ಲೇ ಸೆರಗಿಗೆ ಸುತ್ತಿಕೊಂಡು, ಹೆರಿಗೆಯ ಪುರುಡು ಕಳೆದಿಲ್ಲ ಎಂಬುದನ್ನೂ ಲೆಕ್ಕಿಸದೆ ಪೇಟೆಬೀದಿಯಲ್ಲಿ ಬರಿಗಾಲಲ್ಲಿ ನಡೆದೇಬಿಟ್ಟಳು! ಅಮ್ಮ ಹಿಂದೆಯೇ ಓಡಿದಳು. ಡಾಕ್ಟರು ಗಡ್ಡಕ್ಕೆ ಸೋಪು ಹಚ್ಚಿಕೊಂಡಿದ್ದರಂತೆ. ಅವರ ಉಗುರನ್ನೂ ಪರೀಕ್ಷೆ ಮಾಡಿಯೇ ಕೂಸನ್ನು ತೋರಿಸಿದ್ದಂತೆ ಈಕೆ!

"ಬಸುರಿಯ ಮೈಯಲ್ಲಿರೋ ಹಾರ್ಮೋನು ಕೂಸಿಗೂ ಹೋಗಿರುತ್ತೆ. ಅದಕ್ಕೇ ಹೀಗೆ. ತಾನಾಗೇ ಇಳಿಯುತ್ತೆ," ಎಂದರಂತೆ ಡಾಕ್ಟರು. "ಹಿಂಡಿದ್ರೆ ಮಾತ್ರ ಕೀವಾಗಿ ಜೀವಕ್ಕೇ ಅಪಾಯ."

"ಹಾರ್ಮೋನು ಅಂದ್ರೆ ಎಂತದು?" ಅಮ್ಮ ಬಾಯಿ ಬಿಟ್ಟಳಂತೆ.

"ಎಂತದಾದ್ರೂ ಆಗ್ಲಿ ಮಾರಾಯ್ತಿ, ಮುಟ್ಬಾರ್ದು ಅಂದ್ರಲ್ಲ!" ಎಂದಳಂತೆ ದೊಡ್ಡತ್ತೆ.

ಮನೆಗೆ ಬಂದು ಕೂಸನ್ನು ನನ್ನ ಪಕ್ಕ ಮಲಗಿಸಿದಳು. ನನಗೆ ಹೋದ ಜೀವ ಬಂದಿತ್ತು. "ಮಕ್ಕಳನ್ನ ಹೆತ್ತವಳಲ್ಲ ನೀನು. ಡಾಕ್ಟರಿಗಿಂತ ಮೊದ್ಲೇ ನಿಂಗೆ ಹೆಂಗೆ ಗೊತ್ತಾಯ್ತು ದೊಡ್ಡತ್ತೆ?" ಎಂದು ನಗುತ್ತಾ ಕೇಳಿದೆ.

ಆಕೆ ನಗಲಿಲ್ಲ. ತನ್ನ ಎರಡೂ ಕೈ ಚಾಚಿದಳು. ಉಗುರನ್ನು ಚರ್ಮದವರೆಗೂ ಕತ್ತರಿಸಿ ಬೆರಳ ತುದಿಗಳು ಕೆಂಪಾಗಿದ್ದವು.

"ನಂಗೂ ಒಬ್ಬ ಇದ್ದ ಕಣೇ. ಇವನ ಹಂಗೇ ಎದೆ ಊದಿತ್ತು. ಈ ಕೈಲೇ ಹಿಂಡ್ದೆ. ಉಗುರು ನಾಟಿ ಕೀವಾಯ್ತು. ಮುಟ್ಬೇಡ ಅನ್ನೋಕೆ ಅವತ್ತು ಯಾರೂ ಇರ್ಲಿಲ್ಲ."

ಕೂಸನ್ನು ಎತ್ತಿ ಆಕೆಯ ಮಡಿಲಿಗೆ ಇಟ್ಟೆ. ಆಕೆ ಅವನ ಎರಡು ಪಾದಗಳನ್ನು ಮಾತ್ರ ಹಿಡಿದುಕೊಂಡು ಅತ್ತಳು.